ಕಳೆದುಹೋದ ಕ್ರೋಮೋಸೋಮ್ ತುಣುಕುಗಳಲ್ಲಿ ಗಡ್ಡೆ ನಿಗ್ರಹ ಜೀನ್‌ಗಳ ಶೋಧ: ಬೆಂಗಳೂರು–ಕೋಲಾರದ ಒಂದು ಬಾಯಿ ಕ್ಯಾನ್ಸರ್ ಅಧ್ಯಯನದ ಹಿನ್ನೆಲೆಯಲ್ಲಿ

ಪೀಠಿಕೆ

ಹಲಸೂರಿನಿಂದ ಇಂದಿರಾನಗರದ ಅಂಚು ಹಿಡಿದು ಕೆ.ಆರ್. ಪುರ ದಾಟುವ ಹಳೇ ಮದ್ರಾಸು ರಸ್ತೆ ಕೋಲಾರದತ್ತ ಸಾಗುತ್ತದೆ. ಈ ಸೀಮೆಯಲ್ಲಿ ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಜಗಿಯುವ ರೂಢಿ ಹಳೆಯದು. ಕೋಲಾರದ ಕಡೆ ಅದರ ಉಂಡೆಯನ್ನು ದವಡೆಯಲ್ಲಿಟ್ಟುಕೊಂಡೇ ಮಲಗುವ ಹೆಂಗಸರಿದ್ದಾರೆ. ಕೆನ್ನೆಯ ಒಳಪದರದ ಕ್ಯಾನ್ಸರಿಗೆ ಈ ಅಭ್ಯಾಸ ನೇರ ದಾರಿ. ಹೊಗೆಸೊಪ್ಪಿನ ವಿಷ ಜೀವಕೋಶದ ಯಾವ ಕಾವಲನ್ನು ಮುರಿಯುತ್ತದೆ ಎಂಬುದು ಈ ಲೇಖನದ ಪ್ರಶ್ನೆ. ಕ್ರೋಮೋಸೋಮಿನ ತುಣುಕು ಕಳೆದುಹೋದದ್ದು ಶೋಧಕನಿಗೆ ದಿಕ್ಕು ತೋರಿಸುತ್ತದೆ; ಆದರೆ ಅಷ್ಟರಿಂದಲೇ ಅಪರಾಧಿ ಜೀನ್ ಇದೇ ಎಂದು ತೀರ್ಮಾನಿಸುವಂತಿಲ್ಲ ಎಂಬುದು ನನ್ನ ವಾದ.

ಸಿದ್ಧಾಂತದ ನೆಲೆ

ಮಕ್ಕಳ ಕಣ್ಣಿನ ಕ್ಯಾನ್ಸರಾದ ರೆಟಿನೋಬ್ಲಾಸ್ಟೋಮಾದ 48 ಪ್ರಕರಣಗಳನ್ನು ಪರಿಶೀಲಿಸಿ ಆಲ್ಫ್ರೆಡ್ ನುಡ್ಸನ್ 1971ರಲ್ಲಿ 'ಎರಡು ಪೆಟ್ಟು'ಗಳ ಸಿದ್ಧಾಂತ ಮಂಡಿಸಿದರು. ಈ ಚಿಂತನೆಯ ಪ್ರಕಾರ, ತಂದೆಯಿಂದ ಒಂದು, ತಾಯಿಯಿಂದ ಒಂದು ಬಂದಿರುವ ಜೀನಿನ ಎರಡೂ ಪ್ರತಿಗಳು ಕೆಟ್ಟಾಗ ಮಾತ್ರ ಗಡ್ಡೆಗೆ ಕಡಿವಾಣ ತಪ್ಪುತ್ತದೆ. 13ನೇ ಕ್ರೋಮೋಸೋಮಿನ ಕ್ಯೂ14 ಭಾಗ ಕೆಲವು ರೋಗಿಗಳಲ್ಲಿ ಕಾಣೆಯಾಗಿದ್ದುದೇ ಸುಳಿವಾಯಿತು. ಒಂದು ಪ್ರತಿ ಕೆಟ್ಟಿದ್ದು ಮತ್ತೊಂದು ಗಡ್ಡೆಯಲ್ಲಿ ಕಳೆದುಹೋಗುವುದನ್ನು 1983ರಲ್ಲಿ ವೆಬ್‌ಸ್ಟರ್ ಕವೇನೀ ಮತ್ತು ಸಂಗಡಿಗರು ತೋರಿಸಿದರು. 1986ರಲ್ಲಿ ಆರ್‌ಬಿ1 ಜೀನ್ ಕೈಗೆ ಸಿಕ್ಕಿತು. ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ 17ನೇ ಕ್ರೋಮೋಸೋಮಿನ ಗಿಡ್ಡ ತೋಳು ಪದೇ ಪದೇ ಕಾಣೆಯಾಗುತ್ತಿದ್ದುದನ್ನು ಬೆನ್ನಟ್ಟಿದಾಗ, ಹತ್ತು ವರ್ಷ ಕ್ಯಾನ್ಸರಿನ ಬೆಂಬಲಿಗ ಎಂದು ತಿಳಿದಿದ್ದ ಪಿ53 ನಿಜವಾಗಿ ಅದರ ನಿಗ್ರಹಕ ಎಂದು 1989ರಲ್ಲಿ ಸ್ಪಷ್ಟವಾಯಿತು.

ವಿಧಾನ

ಒಬ್ಬನೇ ರೋಗಿಯ ರಕ್ತದ ಡಿಎನ್‌ಎ ಮತ್ತು ಗಡ್ಡೆಯ ಡಿಎನ್‌ಎ ಎರಡೂ ಬೇಕು. ಕೆಲವೇ ಅಕ್ಷರಗಳು ಮರಳಿ ಮರಳಿ ಬರುವ ಮೈಕ್ರೋಸ್ಯಾಟಲೈಟ್ ತಾಣಗಳ ಉದ್ದ ಎರಡು ಪ್ರತಿಗಳಲ್ಲಿ ಬೇರೆ ಬೇರೆ ಇರಬಹುದು. ಪಿಸಿಆರ್‌ನಿಂದ ವರ್ಧಿಸಿ ಜೆಲ್ ಮೇಲೆ ಓಡಿಸಿದರೆ ರಕ್ತದ ಸಾಲಿನಲ್ಲಿ ಎರಡು ಪಟ್ಟೆ ಮೂಡುತ್ತವೆ. ಪಕ್ಕದ ಗಡ್ಡೆಯ ಸಾಲಿನಲ್ಲಿ ಒಂದು ಪಟ್ಟೆ ಅಳಿಸಿಹೋಗಿದ್ದರೆ, ಇಲ್ಲವೇ ತೀರಾ ಮಸುಕಾಗಿದ್ದರೆ, ಆ ತಾಣದಲ್ಲಿ ಒಂದು ಪ್ರತಿ ನಷ್ಟವಾಗಿದೆ ಎಂದರ್ಥ. ರಕ್ತದಲ್ಲೇ ಒಂದು ಪಟ್ಟೆ ಇರುವ ರೋಗಿಯಿಂದ ಆ ತಾಣದ ಬಗ್ಗೆ ಏನೂ ತಿಳಿಯುವುದಿಲ್ಲ. ಗಡ್ಡೆಯ ತುಣುಕಿನಲ್ಲಿ ಆರೋಗ್ಯವಂತ ಕೋಶಗಳು ಬೆರೆತಿದ್ದರೆ ನಷ್ಟ ಮರೆಯಾಗಿಬಿಡುತ್ತದೆ. ಹಾಗಾಗಿ ರೋಗಶಾಸ್ತ್ರಜ್ಞರ ಕಣ್ಣು ಇಲ್ಲಿ ಯಂತ್ರದಷ್ಟೇ ಮುಖ್ಯ. ಹಲವು ರೋಗಿಗಳಲ್ಲಿ ಸಮಾನವಾಗಿ ಕಾಣೆಯಾಗಿರುವ ಅತಿ ಚಿಕ್ಕ ಭಾಗವನ್ನು ಗುರುತಿಸಿ, ಅಲ್ಲಿನ ಜೀನ್‌ಗಳನ್ನು ಒಂದೊಂದಾಗಿ ಪರೀಕ್ಷಿಸುವುದು ಮುಂದಿನ ಹೆಜ್ಜೆ.

ಬೆಂಗಳೂರು–ಕೋಲಾರ ಅಧ್ಯಯನ

ಭಾರತೀಯ ವಿಜ್ಞಾನ ಸಂಸ್ಥೆಯ ಸಂಜುಕ್ತಾ ಚಕ್ರವರ್ತಿ ಮತ್ತು ಅರುಣ್ ಕುಮಾರ್, ಕೋಲಾರದ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಅಜೀಂ ಮೊಹಿಯುದ್ದೀನ್, ಬೆಂಗಳೂರು ಇನ್‌ಸ್ಟಿಟ್ಯೂಟ್ ಆಫ್ ಆಂಕಾಲಜಿಯ ಕೆ.ಎಸ್. ಗೋಪಿನಾಥ್ ಸೇರಿ 2008ರಲ್ಲಿ 'ಬಿಎಂಸಿ ಕ್ಯಾನ್ಸರ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಇದೇ ದಾರಿಯದು. ಅವರು ಆರಿಸಿಕೊಂಡದ್ದು 9ಕ್ಯೂ34ರಲ್ಲಿರುವ ಟಿಎಸ್‌ಸಿ1 ಮತ್ತು 16ಪಿ13.3ರಲ್ಲಿರುವ ಟಿಎಸ್‌ಸಿ2. ಈ ಎರಡರ ಪ್ರೋಟೀನ್‌ಗಳು ಜೊತೆಗೂಡಿ, ಜೀವಕೋಶದ ಬೆಳವಣಿಗೆಯನ್ನು ನಡೆಸುವ ಎಂಟಾರ್ ವ್ಯವಸ್ಥೆಯನ್ನು ಹದ್ದುಬಸ್ತಿನಲ್ಲಿಡುತ್ತವೆ. ಬಾಯಿ ಕ್ಯಾನ್ಸರಿನ ಗಡ್ಡೆಗಳಲ್ಲಿ ಎರಡೂ ಪ್ರದೇಶಗಳಲ್ಲಿ ನಷ್ಟ ಕಂಡಿತು, ಎರಡೂ ಜೀನ್‌ಗಳ ಅಭಿವ್ಯಕ್ತಿ ತಗ್ಗಿತ್ತು. ಆದರೆ ಜೀನಿನ ಅಕ್ಷರಸಾಲಿನ ದೋಷಗಳಿಂದ ಇದನ್ನು ವಿವರಿಸಲಾಗಲಿಲ್ಲ. ಟಿಎಸ್‌ಸಿ2ರ ಆರಂಭಭಾಗಕ್ಕೆ ಮೀಥೈಲ್ ಗುಂಪುಗಳು ಅಂಟಿಕೊಂಡು ಜೀನ್ ಮೌನವಾಗಿತ್ತು.

ಚರ್ಚೆ

ಎರಡನೆಯ ಪೆಟ್ಟು ಅಕ್ಷರದೋಷವೇ ಆಗಬೇಕಿಲ್ಲ. ಜೀನ್ ಅಖಂಡವಾಗಿದ್ದೂ ಬಾಯಿ ಮುಚ್ಚಿರಬಹುದು. ಡಿಎನ್‌ಎ ಸಾಲನ್ನಷ್ಟೇ ಓದುವ ಶೋಧಕ ಇಂಥ ಜೀನನ್ನು ನಿರ್ದೋಷಿಯೆಂದು ಬಿಟ್ಟುಬಿಡುತ್ತಾನೆ. ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. 3ಪಿ14.2ರಲ್ಲಿ 1996ರಲ್ಲಿ ಪತ್ತೆಯಾದ ಫಿಟ್ ಜೀನ್, ಸುಲಭವಾಗಿ ಮುರಿಯುವ ತಾಣದೊಳಗೇ ಇದೆ. ಅಲ್ಲಿನ ನಷ್ಟ ಕ್ಯಾನ್ಸರಿಗೆ ಕಾರಣವೋ, ಆ ತಾಣದ ದುರ್ಬಲತೆಯ ಫಲವೋ ಎಂಬ ವಾದ ದೀರ್ಘಕಾಲ ನಡೆಯಿತು. ನಷ್ಟ, ಅಭಿವ್ಯಕ್ತಿ, ಮೀಥೈಲೀಕರಣ ಮೂರನ್ನೂ ಒಟ್ಟಿಗೆ ನೋಡಿ, ಜೀನನ್ನು ಕೋಶಕ್ಕೆ ಮರಳಿಸಿದಾಗ ಬೆಳವಣಿಗೆ ತಗ್ಗುತ್ತದೆಯೇ ಎಂದು ಪರೀಕ್ಷಿಸಿದ ಮೇಲಷ್ಟೇ ತೀರ್ಪು ಕೊಡಬೇಕು. ಮೀಥೈಲ್ ಗುರುತನ್ನು ಔಷಧದಿಂದ ಅಳಿಸಲು ಸಾಧ್ಯ, ಎಂಟಾರನ್ನು ತಡೆಯುವ ರಾಪಮೈಸಿನ್ ವರ್ಗದ ಔಷಧಗಳೂ ಇವೆ. ಆದ್ದರಿಂದ ಚಿಕಿತ್ಸೆಯ ದೃಷ್ಟಿಯಿಂದಲೂ ಈ ವ್ಯತ್ಯಾಸಕ್ಕೆ ಬೆಲೆಯಿದೆ.

ಉಪಸಂಹಾರ

ಶಿವಾಜಿನಗರದ ಬೌರಿಂಗ್‌ನಂಥ ಸರ್ಕಾರಿ ಆಸ್ಪತ್ರೆಗಳಿಗೆ ಬರುವ ಬಡ ರೋಗಿಗಳು ಇಂಥ ಶೋಧದಿಂದ ಹೊರಗುಳಿಯಬಾರದು. ಬಾಯಿ ಗಡ್ಡೆಯ ಶಸ್ತ್ರಚಿಕಿತ್ಸೆ ನಡೆಯುವ ಕಡೆಯಲ್ಲೆಲ್ಲ ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ, ಒಪ್ಪಿಗೆ ಪಡೆದು, ಗಡ್ಡೆಯ ತುಣುಕಿನ ಜೊತೆ ಅದೇ ರೋಗಿಯ ರಕ್ತವನ್ನೂ ಹೊಗೆಸೊಪ್ಪಿನ ಅಭ್ಯಾಸದ ವಿವರವನ್ನೂ ಸಂರಕ್ಷಿಸುವ ಏರ್ಪಾಡು ಆಗಬೇಕು. ರಕ್ತದ ಜೋಡಿಯಿಲ್ಲದ ಗಡ್ಡೆಯಲ್ಲಿ ಕಳೆದುಹೋದದ್ದು ಏನೆಂದು ಖಚಿತವಾಗಿ ಹೇಳುವುದು ಬಲು ಕಷ್ಟ.