ತಾಗದ ಪೆಟ್ಟಿನ ಲೆಕ್ಕ

ನಮ್ಮ ತಾತನ ಊರು ಅರಕಲಗೂಡು ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಊರಬಾಗಿಲ ಪಕ್ಕದಲ್ಲಿ ಒಂದು ಗರಡಿಮನೆ ಇತ್ತು. ತಗ್ಗು ಬಾಗಿಲು, ಕಿಟಕಿಯಿಲ್ಲದ ಮಣ್ಣಿನ ಗೋಡೆ, ಒಳಗೆ ಕೆಮ್ಮಣ್ಣಿನ ಮಟ್ಟಿ, ಮೂಲೆಯಲ್ಲಿ ಆಂಜನೇಯನ ಪಟ. ತಾತ ಹರೆಯದಲ್ಲಿ ಅಲ್ಲಿ ಸಾಮು ಮಾಡಿದವರು. ನಾನು ಕಾಣುವ ಹೊತ್ತಿಗೆ ಅವರಿಗೂ ವಯಸ್ಸಾಗಿತ್ತು, ಗರಡಿಗೂ ವಯಸ್ಸಾಗಿತ್ತು. ಜಾತ್ರೆಯ ಕುಸ್ತಿ ಮಾತ್ರ ಇನ್ನೂ ನಿಂತಿರಲಿಲ್ಲ. ತೇರಿನ ಮಾರನೆಯ ದಿನ ಬಯಲಿನಲ್ಲಿ ಅಖಾಡ ಹದ ಮಾಡಿ, ತಮಟೆ ಬಡಿಸಿ, ಹಿರಿಯರು ಜೋಡಿ ಕಟ್ಟುತ್ತಿದ್ದರು. ಯಾರಿಗೆ ಯಾರು ಸರಿಜೋಡಿ ಎಂದು ಹೇಳಲು ತೂಕದ ಯಂತ್ರ ಬೇಕಿರಲಿಲ್ಲ. ತೋಳು ಮುಟ್ಟಿ, ಎದೆ ನೋಡಿ, 'ಇವ್ನಿಗೆ ಅವ್ನು' ಎಂದುಬಿಡುತ್ತಿದ್ದರು. ಗಡಿಯಾರವೂ ಇರಲಿಲ್ಲ. ಎದುರಾಳಿಯ ಬೆನ್ನು ಮಣ್ಣಿಗೆ ಹತ್ತಿದರೆ ಗೆದ್ದಂತೆ. ಹೊತ್ತು ಮುಳುಗುವ ತನಕ ಹತ್ತದಿದ್ದರೆ ಇಬ್ಬರೂ ಸಮ, ಬಹುಮಾನ ಅರ್ಧರ್ಧ. ಸೋತವನ ಬೆನ್ನಿಗೆ ಮೆತ್ತಿದ ಕೆಮ್ಮಣ್ಣೇ ತೀರ್ಪು. ಅಕ್ಷರ ಬಾರದವರೂ ಅದನ್ನು ಓದಬಹುದಾಗಿತ್ತು.

ಇಂಥ ತಾತನ ಮುಂದೆ ನಾನು 1986ರಲ್ಲಿ ಕರಾಟೆಯ ಬಿಳಿ ಉಡುಪು ತೊಟ್ಟು ನಿಂತೆ. ಹೊಳೆನರಸೀಪುರದಲ್ಲಿ ಪಿಯುಸಿ ಓದುತ್ತಿದ್ದೆ. ವಾರಕ್ಕೆರಡು ಸಂಜೆ ಬಸ್ಸು ಹತ್ತಿ ಹಾಸನಕ್ಕೆ ಕರಾಟೆ ಕ್ಲಾಸಿಗೆ ಹೋಗುತ್ತಿದ್ದೆ. ಶಂಕರ್‌ನಾಗ್ ಅವರನ್ನು ಅಭಿಮಾನಿಗಳು 'ಕರಾಟೆ ಕಿಂಗ್' ಎಂದು ಕರೆಯುತ್ತಿದ್ದ ಕಾಲ. 1973ರ 'ಎಂಟರ್ ದಿ ಡ್ರ್ಯಾಗನ್' ನಮ್ಮ ಟೆಂಟುಗಳಿಗೆ ಮತ್ತೆ ಮತ್ತೆ ಬರುತ್ತಿತ್ತು. ಬ್ರೂಸ್ ಲೀ ಮಾಡಿದ್ದು ಕರಾಟೆಯಲ್ಲ, ಚೀನಾದ ಕುಂಗ್‌ಫೂ ಎಂದು ಯಾರಾದರೂ ಹೇಳಿದರೆ ನಾವು ಜಗಳಕ್ಕೇ ಹೋಗುತ್ತಿದ್ದೆವು. ಉಡುಪನ್ನು ಪೇಟೆಯ ದರ್ಜಿಯ ಬಳಿ ಹೊಲಿಸಿದ್ದು. ಆತ ಪೈಜಾಮದ ಅಳತೆ ಹಿಡಿದು ಹೊಲಿದಿದ್ದರಿಂದ ಒದೆಯಲು ಕಾಲೆತ್ತಿದರೆ ಹೊಲಿಗೆ ಬಿಚ್ಚುತ್ತಿತ್ತು.

ನಮ್ಮ ಮಾಸ್ಟರು ಮೊದಲ ದಿನವೇ ಹೇಳಿದ ಮಾತು: ಪೆಟ್ಟು ಪೂರ್ತಿ ಬಲದಿಂದ ಹೋಗಬೇಕು, ಚರ್ಮದ ಹತ್ತಿರ ನಿಲ್ಲಬೇಕು. ತಾಗಿದರೆ ತಪ್ಪು. 'ಹೊಯ್ ಸಳ' ಎಂದು ಗುರು ಕೂಗಿದ್ದರಿಂದಲೇ ರಾಜವಂಶಕ್ಕೆ ಹೆಸರು ಬಂತೆಂದು ನಂಬುವ ಜಿಲ್ಲೆಯಲ್ಲಿ, ಹೊಯ್ಯಬೇಡ ಎನ್ನುವ ಗುರು! ಇದನ್ನು ತಾತನಿಗೆ ಹೇಳಿದಾಗ ಅವರು ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದರು.

'ಅಲ್ಲ ಕಣ್ಲಾ ಮಗ, ಹೊಡೀದಂಗೆ ನಿಲ್ಸಿದ್ರೆ ಗೆದ್ದೋನ್ಯಾರು ಅಂತ ಗೊತ್ತಾಗೋದೆಂಗ್ಲಾ?'

'ರೆಫ್ರಿ ಹೇಳ್ತಾರೆ ತಾತ.'

'ಅಂಗಾರೆ ಆಟ ಆಡೋನು ನೀನಲ್ಲ ಬುಡು, ರೆಫ್ರಿ.'

ಈ ಮೂರು ಮಾತಿಗೆ ಉತ್ತರ ಹುಡುಕುತ್ತಲೇ ಕರಾಟೆಯ ಸ್ಪರ್ಧೆಗಳು ಅರವತ್ತೈದು ವರ್ಷಕ್ಕೂ ಮೇಲ್ಪಟ್ಟು ತಮ್ಮ ನಿಯಮಗಳನ್ನು ಬದಲಿಸಿಕೊಳ್ಳುತ್ತಾ ಬಂದಿವೆ ಎಂದು ನನಗೆ ಹೊಳೆದದ್ದು ಬಹಳ ತಡವಾಗಿ.

ಒಕಿನಾವಾ ದ್ವೀಪದ ಶಾಲಾ ಮೇಷ್ಟರಾದ ಗಿಚಿನ್ ಫುನಕೋಶಿ 1922ರಲ್ಲಿ ಟೋಕಿಯೋಗೆ ಹೋಗಿ ಈ ವಿದ್ಯೆಯನ್ನು ತೋರಿಸಿದಾಗ ಅದರಲ್ಲಿ ಪಂದ್ಯವೆಂಬುದೇ ಇರಲಿಲ್ಲ. ಇದ್ದದ್ದು ಕಾತಾ, ಎಂದರೆ ಎದುರಾಳಿಯಿಲ್ಲದೆ ಒಬ್ಬನೇ ಕ್ರಮ ತಪ್ಪದೆ ಮಾಡುವ ವರಸೆ. ಮೇಷ್ಟರಿಗೆ ಪಂದ್ಯ ಹಿಡಿಸುತ್ತಿರಲಿಲ್ಲ. ಆದರೆ ಜೂಡೋದವರಿಗೆ ಪಂದ್ಯವಿತ್ತು, ಕತ್ತಿವರಸೆಯ ಕೆಂಡೋದವರಿಗೆ ಪಂದ್ಯವಿತ್ತು. ಕಾಲೇಜಿನ ಹುಡುಗರು ಸುಮ್ಮನಿರುತ್ತಾರೆಯೇ? ಫುನಕೋಶಿ 1957ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಅದೇ ವರ್ಷ ಜಪಾನ್ ಕರಾಟೆ ಅಸೋಸಿಯೇಷನ್ ಟೋಕಿಯೋದಲ್ಲಿ ರಾಷ್ಟ್ರಮಟ್ಟದ ಚಾಂಪಿಯನ್‌ಷಿಪ್ ನಡೆಸಿತು. ಕಾದಾಟದಲ್ಲಿ ಗೆದ್ದವರು ಹಿರೊಕಾಜು ಕನಜಾವಾ. ಕೈಯ ಮೂಳೆ ಮುರಿದಿದ್ದರೂ ಆಡಿ ಗೆದ್ದರೆಂದು ಅವರ ಕತೆಯನ್ನು ಇಂದಿಗೂ ಕರಾಟೆ ಕ್ಲಾಸುಗಳಲ್ಲಿ ಹೇಳುತ್ತಾರೆ.

ಆ ಪದ್ಧತಿಗೆ ಶೋಬು ಇಪ್ಪೋನ್ ಎಂದು ಹೆಸರು. ಇಪ್ಪೋನ್ ಎಂದರೆ ಒಂದು. ಒಂದೇ ಒಂದು ಪೆಟ್ಟು, ಹೊತ್ತು, ದೂರ, ನಿಲುವು ಎಲ್ಲ ಸರಿಯಾಗಿ ಬಿದ್ದರೆ ಪಂದ್ಯ ಮುಗಿಯಿತು. ಕೊಂಚ ಕಮ್ಮಿಯಾದರೆ ವಾಜಾ ಆರಿ, ಅಂದರೆ ಅರ್ಧ. ಎರಡು ಅರ್ಧ ಸೇರಿದರೆ ಒಂದು. ಈ ಪೆಟ್ಟನ್ನು ತಡೆಯದೆ ಬಿಟ್ಟಿದ್ದರೆ ಎದುರಿನವನು ಏಳುತ್ತಿರಲಿಲ್ಲ ಎಂಬ ಊಹೆಯ ಮೇಲೆ ನಿಂತ ಲೆಕ್ಕ ಅದು. ನಮ್ಮ ಮೈಸೂರಿನ ವಜ್ರಮುಷ್ಟಿ ಕಾಳಗವನ್ನು ಇದರ ಪಕ್ಕಕ್ಕಿಟ್ಟು ನೋಡಬೇಕು. ವಿಜಯದಶಮಿಯ ದಿನ ಅರಮನೆಯಲ್ಲಿ ಜೆಟ್ಟಿಗಳು ಕಾದುತ್ತಾರೆ. ತಲೆಯಿಂದ ಮೊದಲ ಹನಿ ರಕ್ತ ಕಂಡೊಡನೆ ಕಾಳಗ ನಿಲ್ಲುತ್ತದೆ. ಅಲ್ಲಿ ರಕ್ತ ತೆಗೆದವನು ಗೆದ್ದವನು. ಕರಾಟೆಯಲ್ಲಿ ರಕ್ತ ತೆಗೆದವನು ಬಹುಮಟ್ಟಿಗೆ ಸೋತವನು.

ಮೊದಲ ವಿಶ್ವ ಚಾಂಪಿಯನ್‌ಷಿಪ್ 1970ರಲ್ಲಿ ಟೋಕಿಯೋದಲ್ಲಿ ನಡೆಯಿತು. ಆಗ ತೂಕದ ವರ್ಗಗಳಿರಲಿಲ್ಲ. ಕಡ್ಡಿಯಂಥವನೂ ಕಂಬದಂಥವನೂ ಒಂದೇ ಕಣಕ್ಕೆ. ನಮ್ಮ ಹಿರಿಯರ ಹಾಗೆ ತೋಳು ಮುಟ್ಟಿ ನೋಡುವವರೂ ಇರಲಿಲ್ಲವೆನ್ನಿ. ಜಪಾನಿನ ಕೋಜಿ ವಾಡಾ ಗೆದ್ದರು. 1977ರಲ್ಲಿ ಕಾತಾ ಸ್ಪರ್ಧೆ ಸೇರಿತು. 1980ರಲ್ಲಿ ಮ್ಯಾಡ್ರಿಡ್‌ನಲ್ಲಿ ತೂಕದ ವರ್ಗಗಳು ಬಂದವು, ಹೆಂಗಸರಿಗೆ ಕಾತಾದಲ್ಲಿ ಪ್ರವೇಶ ಸಿಕ್ಕಿತು. ಅವರ ಕಾದಾಟಕ್ಕೆ ಇನ್ನೆರಡು ವರ್ಷ ಕಾಯಬೇಕಾಯಿತು. ಒಂದು ಪೆಟ್ಟಿನ ಪಂದ್ಯ ಹೋಗಿ ಮೂರು ಇಪ್ಪೋನ್‌ಗಳ ಸಾನ್‌ಬೋನ್ ಪದ್ಧತಿ ವಿಶ್ವಮಟ್ಟದಲ್ಲಿ ನೆಲೆಯೂರಿತು. ಕಾರಣವನ್ನು ಅಲ್ಲಗಳೆಯುವಂತಿಲ್ಲ. ಸಮುದ್ರ ದಾಟಿ ಬಂದವನು ಒಂದು ಗಳಿಗೆಯ ಮೈಮರೆವಿಗೆ ಹತ್ತು ಸೆಕೆಂಡಿನಲ್ಲಿ ಮನೆಗೆ ಹೋಗುವುದು ನ್ಯಾಯವೇ? ಟಿಕೆಟು ಕೊಂಡವನಾದರೂ ಏನು ನೋಡಿದಂತಾಯಿತು?

ಹಾಸನಕ್ಕೆ ಆ ಗಾಳಿ ಇನ್ನೂ ತಲುಪಿರಲಿಲ್ಲ. ನಮ್ಮದು ಒಂದೇ ಪೆಟ್ಟಿನ ಪಂದ್ಯ. 1988ರಲ್ಲಿ ಒಂದು ಶಾಲೆಯ ಸಭಾಂಗಣದಲ್ಲಿ, ಸುಣ್ಣದಲ್ಲಿ ಗೆರೆ ಎಳೆದ ಚೌಕದೊಳಗೆ ನಾನು ಫೈನಲ್ ಆಡಿದೆ. ಎದುರಾಳಿ ಚನ್ನರಾಯಪಟ್ಟಣದ ಹುಡುಗ. ನಮ್ಮ ಕ್ಲಾಸಿನವನೇ, ಸಂಜೆ ಬಸ್ ನಿಲ್ದಾಣದಲ್ಲಿ ಒಟ್ಟಿಗೆ ಬೋಂಡ ತಿನ್ನುತ್ತಿದ್ದವನು. ಹೆಸರು ಬೇಡ. ಆಟದಲ್ಲಿ ನನಗಿಂತ ಒಂದು ಕೈ ಮೇಲು, ಅದು ಇಬ್ಬರಿಗೂ ಗೊತ್ತಿತ್ತು. ಅರ್ಧ ಅಂಕ ಆಗಲೇ ತೆಗೆದಿದ್ದ. ಎರಡನೆಯ ಗುದ್ದು ನನ್ನ ಮೇಲ್ದುಟಿಗೆ ತಾಗಿತು. ಬಾಯಲ್ಲಿ ಉಪ್ಪುಪ್ಪು. ಬಿದ್ದೆ.

ಏಳಬಹುದಿತ್ತು. ಕಣ್ಣು ಕತ್ತಲಾಗಿರಲಿಲ್ಲ, ತಲೆ ಸುತ್ತುತ್ತಿರಲಿಲ್ಲ. ರೆಫ್ರಿ ಬಗ್ಗಿ ನೋಡುತ್ತಿದ್ದುದು, ಅವರ ಉಸಿರಿನ ಬೀಡಿಯ ವಾಸನೆ, ಎಲ್ಲ ತಿಳಿಯುತ್ತಿತ್ತು. ಎದ್ದರೆ ಅವನಿಗೆ ಬರೀ ಎಚ್ಚರಿಕೆ, ಪಂದ್ಯ ಮುಂದುವರಿಯುತ್ತದೆ, ನಾನು ಸೋಲುತ್ತೇನೆ. ಮಲಗಿದ್ದರೆ? ಮಲಗಿದ್ದೆ. ರೆಫ್ರಿ 'ಹನ್ಸೋಕು' ಎಂದರು, ಅನರ್ಹ ಎಂದರ್ಥ. ನನ್ನ ಕಡೆಯ ಕೆಂಪು ಬಾವುಟ ಮೇಲೆದ್ದಿತು. ನನ್ನನ್ನು ಎತ್ತಿ ಕೂರಿಸಲು ಮೊದಲು ಬಂದವನು ಅವನೇ.

ಕಪ್ಪನ್ನು ತಾತನಿಗೆ ತೋರಿಸಿದೆ. 'ಯಾರ ಬೆನ್ನಿಗ್ಲಾ ಮಣ್ಣತ್ತಿದ್ದು?' ಎಂದರು. ನಾನು ಮಾತಾಡಲಿಲ್ಲ. ಅವರು ಅದನ್ನು ತಿರುಗಿಸಿ ನೋಡಿ, ಬೆರಳಿನಿಂದ ತಟ್ಟಿ, 'ಹಿತ್ತಾಳೆ ಚೆನ್ನಾಗೈತೆ' ಎಂದು ಕೆಳಗಿಟ್ಟರು. ಚನ್ನರಾಯಪಟ್ಟಣದ ಹುಡುಗ ಆಮೇಲೆ ಕ್ಲಾಸಿಗೆ ಬರಲಿಲ್ಲ.

1993ರ ಮಹಾಮಸ್ತಕಾಭಿಷೇಕಕ್ಕೆ ಹೆಂಡತಿಯೊಂದಿಗೆ ಶ್ರವಣಬೆಳಗೊಳಕ್ಕೆ ಹೋಗಿದ್ದೆ. ಅದು ಚನ್ನರಾಯಪಟ್ಟಣ ತಾಲ್ಲೂಕು. ಅವನ ಊರು ದಾಟಿಯೇ ಹೋಗಬೇಕು. ಬೆಟ್ಟದ ಮೆಟ್ಟಿಲು ಹತ್ತುವಾಗ ತಲೆಯಲ್ಲಿ ಬೇರೆಯೇ ಪುರಾಣ ಓಡುತ್ತಿತ್ತು. ಪಂಪ 'ಆದಿಪುರಾಣ'ದಲ್ಲಿ ಹೇಳಿದ ಭರತ–ಬಾಹುಬಲಿಯರ ಕತೆ ನಮಗೆಲ್ಲ ಶಾಲೆಯ ಪಾಠ. ಆದರೆ ಪಂದ್ಯದ ಕಣ್ಣಿನಿಂದ ಅದನ್ನು ನೋಡಿದ್ದು ಅಂದೇ. ಎರಡು ಸೈನ್ಯಗಳು ಎದುರುಬದುರಾಗಿ ನಿಂತಿವೆ. ಸುಮ್ಮನೆ ಸಾವಿರಾರು ಜನ ಸಾಯುವುದೇಕೆಂದು ಮಂತ್ರಿಗಳು ನಿಯಮ ಮಾಡುತ್ತಾರೆ: ಅಣ್ಣತಮ್ಮಂದಿರಿಬ್ಬರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮಾಡಲಿ. ಯುದ್ಧವನ್ನು ಮೂರು ಸುತ್ತಿನ ಪಂದ್ಯವಾಗಿ ಬದಲಿಸಿದ್ದು ಎಂದರೆ ಇದೇ ಅಲ್ಲವೇ? ಮೂರರಲ್ಲೂ ಬಾಹುಬಲಿ ಗೆದ್ದ. ಕೊನೆಯ ಸುತ್ತಿನಲ್ಲಿ ಅಣ್ಣನನ್ನು ಮೇಲೆತ್ತಿದವನು ನೆಲಕ್ಕೆ ಅಪ್ಪಳಿಸಲಿಲ್ಲ, ಇಳಿಸಿದ. ಸೋತ ಭರತ ಪಂದ್ಯ ಮುಗಿದ ಮೇಲೆ ಚಕ್ರ ಬಿಟ್ಟ. ಗೆದ್ದವನು ಎಲ್ಲವನ್ನೂ ಬಿಟ್ಟು ನಡೆದ. ಐವತ್ತೆಂಟು ಅಡಿಯ ಆ ಗೆದ್ದವನ ಕಾಲ ಬುಡದಲ್ಲಿ ನಿಂತಾಗ ಮನೆಯ ಷೋಕೇಸಿನ ಹಿತ್ತಾಳೆ ಕಪ್ಪು ನೆನಪಾಗಿ, ತಲೆಯೆತ್ತಿ ನೋಡಲು ಸಂಕೋಚವಾಯಿತು. ಹೆಂಡತಿ ಇದನ್ನು ಭಕ್ತಿಯೆಂದು ತಿಳಿದಳು.

2000ದ ವೇಳೆಗೆ ನಾನು ಕೆಲಸದ ನಡುವೆ ಜಿಲ್ಲಾಮಟ್ಟದ ಪಂದ್ಯಗಳಲ್ಲಿ ಮೂಲೆಯಲ್ಲಿ ಕುಳಿತು ಬಾವುಟ ಎತ್ತುವ ತೀರ್ಪುಗಾರನಾಗಿದ್ದೆ. ಆ ವರ್ಷ ವರ್ಲ್ಡ್ ಕರಾಟೆ ಫೆಡರೇಷನ್ನಿನ ಹೊಸ ನಿಯಮಗಳು ಬಂದು ನಾವು ಕಲಿತಿದ್ದೆಲ್ಲ ಮೊದಲಿನಿಂದ ಕಲಿಯಬೇಕಾಯಿತು. ಗುದ್ದಿಗೆ 1 ಅಂಕ, ಹೊಟ್ಟೆಯ ಮಟ್ಟದ ಒದೆಗೆ 2, ತಲೆಯ ಮಟ್ಟದ ಒದೆಗೆ 3, ಕೆಡವಿ ಮೇಲೆ ಹೊಡೆದರೂ 3. ಎಂಟು ಅಂಕದ ಅಂತರ ಬಂದರೆ ಅಲ್ಲಿಗೆ ಮುಗಿಯಿತು. ಕೆಂಪು–ಬಿಳಿ ಬೆಲ್ಟುಗಳ ಜಾಗಕ್ಕೆ ಕೆಂಪು–ನೀಲಿ ಬಂದವು. 'ಒಂದು' ಎಂಬ ಅರ್ಥದ ಇಪ್ಪೋನ್ ಈ ನಿಯಮದಲ್ಲಿ ಒಂದು ಅಂಕದ ಹೆಸರಾಯಿತು. ಕೆಲವು ವರ್ಷಗಳ ಮೇಲೆ ಅದೇ ಪದ ಮೂರು ಅಂಕದ ಹೆಸರಾಯಿತು. ನನ್ನಂಥವರ ಫಜೀತಿಯನ್ನು ನೀವೇ ಊಹಿಸಿಕೊಳ್ಳಿ.

ಅಂಕ ಬದಲಾದರೆ ಮೈ ಬದಲಾಗುತ್ತದೆ. ಹಿಂದೆ ನೆಲಕ್ಕೆ ಬೇರು ಬಿಟ್ಟಂತೆ ನಿಂತು, ಒಂದು ಗಳಿಗೆಗಾಗಿ ಕಾಯುತ್ತಿದ್ದ ಹುಡುಗರು ಈಗ ಚೆಂಡಿನಂತೆ ಪುಟಿಯತೊಡಗಿದರು. ಕಾಲು ತಲೆಯ ಮಟ್ಟಕ್ಕೆ ಏಳತೊಡಗಿತು. ಒಂದು ತಪ್ಪಿಗೆ ಪ್ರಾಣ ಹೋಗುವುದಿಲ್ಲವೆಂದು ಗೊತ್ತಾದ ಮೇಲೆ ಧೈರ್ಯ ಬಂತು, ಜೊತೆಗೆ ಸ್ವಲ್ಪ ಉಡಾಫೆಯೂ. ಹಳಬರು ಇದನ್ನು 'ಮುಟ್ಟಾಟ' ಎಂದು ಹೀಗಳೆದರು. ನಾನು ಅವರ ಜೊತೆ ದನಿಗೂಡಿಸಲಿಲ್ಲ. ಅರಕಲಗೂಡಿನ ಕಡೆಯ ಸಣ್ಣ ಮೈಕಟ್ಟಿನ ಒಬ್ಬ ಹುಡುಗಿ, ಮೂರು ಅಂಕ ಹಿಂದಿದ್ದವಳು, ಕೊನೆಯ ಗಳಿಗೆಯಲ್ಲಿ ಕಾಲೆತ್ತಿ ಎದುರಾಳಿಯ ಕಿವಿಯ ಪಕ್ಕಕ್ಕೆ ಹೂವಿನಂತೆ ಪಾದ ತಾಗಿಸಿ ಸಮ ಮಾಡಿಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ. ಹಳೆಯ ಪದ್ಧತಿಯಲ್ಲಾಗಿದ್ದರೆ ಅವಳು ಮೊದಲ ನಿಮಿಷದಲ್ಲೇ ಮನೆಗೆ ಹೋಗಿರುತ್ತಿದ್ದಳು.

ಮುಂದೆ ವಿಡಿಯೋ ಬಂತು. ಕೋಚು ಕಾರ್ಡು ಎತ್ತಿದರೆ ಮತ್ತೆ ನೋಡಬೇಕು. ಅಂಕ ಸಮವಾದರೆ ಮೊದಲು ಅಂಕ ತೆಗೆದವನೇ ಗೆದ್ದ ಎನ್ನುವ ಸೆನ್ಷು ನಿಯಮ ಬಂತು. ಕಾತಾದಲ್ಲೂ ಬಾವುಟ ಹೋಗಿ 2019ರಲ್ಲಿ ಏಳು ತೀರ್ಪುಗಾರರ ಅಂಕಗಳು ಬಂದವು: ತಂತ್ರಕ್ಕೆ ನೂರಕ್ಕೆ 70, ಮೈಕಸುವಿಗೆ 30, ಮೇಲಿನ ಎರಡು ಕೆಳಗಿನ ಎರಡು ಅಂಕಗಳನ್ನು ಕೈಬಿಟ್ಟು ಲೆಕ್ಕ. ಎಲ್ಲ ತಾತನ ರೆಫ್ರಿಯನ್ನು ಚಿಕ್ಕವನನ್ನಾಗಿಸುವ ಪ್ರಯತ್ನವೇ. ಗಾಯದ ಸೋಗು ಹಾಕುವುದು, ಆದ ಗಾಯವನ್ನು ದೊಡ್ಡದು ಮಾಡಿ ತೋರಿಸುವುದು ಅಪರಾಧ ಎಂಬ ಸಾಲೂ ನಿಯಮಪುಸ್ತಕದಲ್ಲಿತ್ತು. ಅದನ್ನು ಓದಿದಾಗ ಹಾಸನದ ಆ ಸಭಾಂಗಣದಲ್ಲಿ ಯಾರೋ ಕುಳಿತು ನನ್ನನ್ನು ನೋಡಿಯೇ ಬರೆದಂತೆನಿಸಿತು.

ಇಷ್ಟೆಲ್ಲ ತಿದ್ದಿದ್ದು ಒಲಿಂಪಿಕ್ಸಿಗಾಗಿ. ಕೊರೊನಾದಿಂದ ಒಂದು ವರ್ಷ ತಡವಾಗಿ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಕರಾಟೆ ಬಂತು. ಕಾದಾಟದ ಐದು ತೂಕದ ವರ್ಗಗಳನ್ನು ಮೂರಕ್ಕೆ ಇಳಿಸಿದ್ದರು. ಒಂದೊಂದರಲ್ಲಿ ಹತ್ತೇ ಜನ, ಐವರ ಎರಡು ಗುಂಪು, ಗುಂಪಿನೊಳಗೆ ಎಲ್ಲರೂ ಎಲ್ಲರೊಡನೆ. ಭಾರತದವರು ಯಾರೂ ಇರಲಿಲ್ಲ. ಗಂಡಸರ ಕಾತಾದಲ್ಲಿ ಫುನಕೋಶಿಯವರ ಒಕಿನಾವಾದವರೇ ಆದ ರ್‍ಯೋ ಕಿಯುನಾ ಗೆದ್ದು, ತೀರಿಕೊಂಡ ತಾಯಿಯ ಪಟವನ್ನು ಪದಕದ ವೇದಿಕೆಗೆ ತಂದರು.

ಆಗಸ್ಟ್ 7ರಂದು 75 ಕೆ.ಜಿ.ಗೆ ಮೇಲ್ಪಟ್ಟವರ ಫೈನಲ್. ಸೌದಿ ಅರೇಬಿಯಾದ ತಾರೆಗ್ ಹಮೀದಿ 4–1ರಿಂದ ಮುಂದಿದ್ದರು. ಅವರ ದೇಶಕ್ಕೆ ಒಲಿಂಪಿಕ್ಸಿನ ಮೊದಲ ಚಿನ್ನ ಕೈಯಳತೆಯಲ್ಲಿತ್ತು. ಎತ್ತಿದ ಕಾಲು ಇರಾನಿನ ಸಜ್ಜಾದ್ ಗಂಜ್‌ಜಾದೆಯವರ ಕತ್ತಿನ ಮೇಲ್ಭಾಗಕ್ಕೆ ಬಲವಾಗಿ ತಾಗಿತು. ಅವರು ನಿಜಕ್ಕೂ ಪ್ರಜ್ಞೆ ತಪ್ಪಿ ಬಿದ್ದರು, ಸ್ಟ್ರೆಚರಿನಲ್ಲಿ ಹೊತ್ತೊಯ್ದರು. ಹನ್ಸೋಕು. ಮಲಗಿದ್ದವರಿಗೆ ಚಿನ್ನ, ನಿಂತಿದ್ದವರಿಗೆ ಬೆಳ್ಳಿ. ಕರಾಟೆ ಗೊತ್ತಿಲ್ಲದ ಜಗತ್ತು ಇದೆಂಥ ಆಟವೆಂದು ನಕ್ಕಿತು. ನಿಯಮದ ಪ್ರಕಾರ ತೀರ್ಪು ಸರಿ ಎಂದೇ ಈಗಲೂ ನನ್ನ ಅಭಿಪ್ರಾಯ. ತಲೆಗೆ ತಡೆಯಿಲ್ಲದೆ ಬಿದ್ದ ಒದೆಗೆ ಬಹುಮಾನ ಕೊಟ್ಟರೆ ಮಾರನೆಯ ದಿನ ಯಾವ ತಾಯಿ ಮಗುವನ್ನು ಕ್ಲಾಸಿಗೆ ಕಳಿಸುತ್ತಾಳೆ? ಆದರೂ ಟಿ.ವಿ. ಮುಂದೆ ನನಗೆ ನೋಡಲಾಗಲಿಲ್ಲ, ಎದ್ದು ಅಂಗಳಕ್ಕೆ ಹೋದೆ. ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕರಾಟೆ ಇರುವುದಿಲ್ಲವೆಂಬುದು ಅದಕ್ಕೂ ಎರಡು ವರ್ಷ ಮುಂಚೆಯೇ ತಿಳಿದಿತ್ತು. 2024ರಲ್ಲಿ ಇರಲೂ ಇಲ್ಲ.

ಅದಾದ ಮುಂದಿನ ತಿಂಗಳು ಚನ್ನರಾಯಪಟ್ಟಣಕ್ಕೆ ಹೋದೆ. ಅವನು ಕೊಬ್ಬರಿ ವ್ಯಾಪಾರ ಮಾಡಿಕೊಂಡಿದ್ದಾನೆಂದು ಗೊತ್ತಿತ್ತು. ತಲೆ ನರೆತಿದೆ, ಹೊಟ್ಟೆ ಬಂದಿದೆ, ಕಣ್ಣು ಮಾತ್ರ ಅದೇ. ಮೂಟೆಗಳ ನಡುವೆ ಸ್ಟೂಲು ಹಾಕಿ ಕೂರಿಸಿದ. ಮೂವತ್ಮೂರು ವರ್ಷದ ಮಾತನ್ನು ಹೇಗೆ ಶುರುಮಾಡುವುದೆಂದು ತಿಳಿಯದೆ ಒಲಿಂಪಿಕ್ಸಿನ ಮಾತೆತ್ತಿದೆ. ಮೊಮ್ಮಗಳ ಮೊಬೈಲಿನಲ್ಲಿ ಅವನೂ ನೋಡಿದ್ದ.

'ಅವತ್ತು ನಾನು ಏಳಬಹುದಿತ್ತು ಕಣೋ' ಎಂದೆ.

'ಗೊತ್ತು. ಎಬ್ಬಿಸೋಕೆ ಬಂದಾಗ ನಿನ್ನ ರೆಪ್ಪೆ ಆಡ್ತಿತ್ತು.' ತಕ್ಕಡಿಯ ಮೇಲಿನ ಕೊಬ್ಬರಿ ಚೂರನ್ನು ಎತ್ತಿ ಬಾಯಿಗೆ ಹಾಕಿಕೊಂಡ. 'ನಾನೂ ನಿಲ್ಲಿಸಬಹುದಿತ್ತು. ಬೇಕು ಅಂತಲೇ ಬಿಟ್ಟೆ. ಬಿಡು, ಎಳನೀರು ಕುಡೀತೀಯಾ?'

ನನ್ನ ಉತ್ತರಕ್ಕೆ ಕಾಯದೆ ಮಚ್ಚು ತರಲು ಒಳಗೆ ಹೋದ.