ಅಚ್ಚಾಗದೆ ಉಳಿದ ಒಂದು ಲೇಖನ

ನನ್ನ ಬಳಿ ಒಂಬತ್ತನೆಯ ತರಗತಿಯ ವಿಜ್ಞಾನ ಓದಿದವರಿಗೆ ಸೀಮೆಸುಣ್ಣದ ಪ್ರಯೋಗ ನೆನಪಿರಬಹುದು. ಸೀಮೆಸುಣ್ಣದ ಬುಡದಲ್ಲಿ ಕಪ್ಪು ಶಾಯಿಯ ಚುಕ್ಕೆಯಿಟ್ಟು ನೀರಿನ ತಟ್ಟೆಯಲ್ಲಿ ನಿಲ್ಲಿಸಿದರೆ, ಸ್ವಲ್ಪ ಹೊತ್ತಿಗೆ ಕಪ್ಪು ಒಡೆದು ಬೇರೆ ಬೇರೆ ಬಣ್ಣಗಳು ಮೇಲೇರುತ್ತಿದ್ದವು. "ಇದನ್ನು ಕಂಡುಹಿಡಿದವರು ಯಾರು ಸಾರ್?" ಎಂದು ಪ್ರತಿ ವರ್ಷವೂ ಯಾರಾದರೊಬ್ಬರು ಕೇಳುತ್ತಿದ್ದಿರಿ. ರಷ್ಯಾದ ಸಸ್ಯವಿಜ್ಞಾನಿ ಸ್ವೆಟ್ ಎನ್ನುತ್ತಿದ್ದೆ. ಅನಿಲ, ಆವಿಗಳನ್ನೂ ಹೀಗೆಯೇ ಬೇರ್ಪಡಿಸಬಹುದು, ಅದು 1952ರಲ್ಲಿ ಇಂಗ್ಲೆಂಡಿನ ಜೇಮ್ಸ್ ಮತ್ತು ಮಾರ್ಟಿನ್ ಮಾಡಿದ ಕೆಲಸ ಎಂದೂ ಸೇರಿಸುತ್ತಿದ್ದೆ. ಆ ಎರಡನೆಯ ಉತ್ತರ ಅರ್ಧ ಮಾತ್ರ ಸರಿ. ಉಳಿದರ್ಧವನ್ನು ನಾನು ತಿಳಿದದ್ದು ನಿವೃತ್ತನಾದ ಮೇಲೆ. ತಡವಾದರೂ ನಿಮಗೆ ಹೇಳಬೇಕಾದದ್ದು ನನ್ನ ಕರ್ತವ್ಯ.

ಮೊದಲು ತತ್ತ್ವವನ್ನು ನೋಡೋಣ. ಜಾತ್ರೆಯ ದಿನ ರಥಬೀದಿಯ ಒಂದು ತುದಿಯಿಂದ ಜನರ ಗುಂಪೊಂದು ಒಟ್ಟಿಗೆ ಹೊರಡುತ್ತದೆ ಎನ್ನಿ. ಅಂಗಡಿಗಳತ್ತ ತಿರುಗಿಯೂ ನೋಡದವರು ಬೇಗ ಮತ್ತೊಂದು ತುದಿ ಮುಟ್ಟುತ್ತಾರೆ. ಬಳೆ ಅಂಗಡಿ, ಬತ್ತಾಸಿನ ಅಂಗಡಿಗಳ ಮುಂದೆಲ್ಲ ನಿಲ್ಲುವವರು ತಡವಾಗಿ ಬರುತ್ತಾರೆ. ಗ್ಯಾಸ್ ಕ್ರೊಮ್ಯಾಟೋಗ್ರಫಿಯಲ್ಲಿ ಬೀದಿಯೆಂದರೆ ಉದ್ದನೆಯ ಕೊಳವೆ. ಜನರನ್ನು ಮುಂದೂಡುವುದು ಜಲಜನಕ, ಹೀಲಿಯಂ ಅಥವಾ ಸಾರಜನಕದಂತಹ ವಾಹಕ ಅನಿಲ. ಅಂಗಡಿಗಳು ಕೊಳವೆಯಲ್ಲಿ ತುಂಬಿದ ಇದ್ದಿಲು, ಸಿಲಿಕಾ ಜೆಲ್ ಅಥವಾ ಅಲ್ಲಿ ಲೇಪಿಸಿದ ದ್ರವ. ಕೊಳವೆಯ ಬಿಸಿ ಹೆಚ್ಚಿದಂತೆ ಅಂಟಿಕೊಳ್ಳುವುದು ಕಡಿಮೆಯಾಗಿ ಎಲ್ಲವೂ ಬೇಗ ಹೊರಬರುತ್ತವೆ. ಆದುದರಿಂದ ಕೊಳವೆಯನ್ನು ಹದವಾದ ಶಾಖದ ಪೆಟ್ಟಿಗೆಯಲ್ಲಿಡುತ್ತಾರೆ. ಬೀದಿಯ ಕೊನೆಯಲ್ಲಿ ಯಾರು ಯಾವಾಗ ಬಂದರೆಂದು ಬರೆದುಕೊಳ್ಳುವ ಕಾವಲುಗಾರನೇ ಶೋಧಕ.

ಇನ್ನು ಇತಿಹಾಸ. ಎರಿಕಾ ಕ್ರೇಮರ್ 1900ರಲ್ಲಿ ಮ್ಯೂನಿಕ್ ನಗರದಲ್ಲಿ ಜನಿಸಿದರು. 1927ರಲ್ಲಿ ಬರ್ಲಿನ್ನಿನಲ್ಲಿ ಡಾಕ್ಟರೇಟ್ ಪಡೆದರೂ, ಹೆಣ್ಣೆಂಬ ಕಾರಣಕ್ಕೆ ವರ್ಷಗಟ್ಟಲೆ ಸ್ಥಿರವಾದ ಹುದ್ದೆ ದೊರೆಯಲಿಲ್ಲ. 1940ರಲ್ಲಿ ಆಸ್ಟ್ರಿಯದ ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದಲ್ಲಿ ಸ್ಥಳ ಸಿಕ್ಕಿತು. ಗಂಡಸರು ಯುದ್ಧಕ್ಕೆ ಹೋಗಿದ್ದರು. ಅವರು ಹಿಂದಿರುಗಿದೊಡನೆ ಜಾಗ ಬಿಡಬೇಕೆಂದು ಆಕೆಗೆ ಮೊದಲೇ ತಿಳಿಸಲಾಗಿತ್ತಂತೆ.

ಅಲ್ಲಿ ಆಕೆಗೆ ಎದುರಾದದ್ದು ಅಸಿಟಲೀನ್ ಮತ್ತು ಎಥಿಲೀನ್ ಅನಿಲಗಳ ಮಿಶ್ರಣವನ್ನು ಅಳೆಯುವ ಪ್ರಶ್ನೆ. ಎರಡೂ ಮೇಲ್ಮೈಗೆ ಅಂಟಿಕೊಳ್ಳುವ ಬಲದಲ್ಲಿ ಹೆಚ್ಚು ಅಂತರವಿಲ್ಲ. ಆದರೆ ಅಂಟುವ ಶಕ್ತಿಯಲ್ಲಿನ ಅಲ್ಪ ವ್ಯತ್ಯಾಸವೂ ಕೊಳವೆಯೊಳಗೆ ನಿಲ್ಲುವ ಕಾಲದಲ್ಲಿ ಬಹುಪಟ್ಟು ಹಿಗ್ಗುತ್ತದೆಂಬುದನ್ನು ಆಕೆ ಕಂಡುಕೊಂಡರು. 1944ರ ನವೆಂಬರಿನಲ್ಲಿ ಈ ವಿಚಾರದ ಒಂದು ಕಿರುಲೇಖನವನ್ನು 'ನಾಟುರ್‌ವಿಸೆನ್‌ಶಾಫ್ಟನ್' ಪತ್ರಿಕೆಗೆ ಕಳುಹಿಸಿದರು. ಅದು ಸ್ವೀಕೃತವಾಗಿ ಕರಡಚ್ಚೂ ಕೈಸೇರಿತು. ಅಷ್ಟರಲ್ಲಿ ಬಾಂಬುದಾಳಿಯಲ್ಲಿ ಮುದ್ರಣಾಲಯವೇ ನಾಶವಾಯಿತು. ಆ ಲೇಖನ ಅಚ್ಚಾದದ್ದು 1976ರಲ್ಲಿ, ಬೇರೊಂದು ಪತ್ರಿಕೆಯಲ್ಲಿ, ಚಾರಿತ್ರಿಕ ದಾಖಲೆಯಾಗಿ!

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಇದರ ಮುಂದಿನ ಭಾಗ. ಆ ವಿಚಾರವನ್ನು ಯಂತ್ರವಾಗಿ ಕಟ್ಟಿದ ಫ್ರಿಟ್ಜ್ ಪ್ರಿಯೋರ್ ನಮ್ಮಂತೆಯೇ ಒಬ್ಬ ಪ್ರೌಢಶಾಲಾ ಶಿಕ್ಷಕ, ರಸಾಯನಶಾಸ್ತ್ರದ ಮೇಷ್ಟರು! ವಿಶ್ವವಿದ್ಯಾಲಯದ ಕಟ್ಟಡ ಬಾಂಬಿನಿಂದ ಹಾನಿಗೊಂಡಿದ್ದಾಗ ಅವರು ತಮ್ಮ ಶಾಲೆಯ ಪ್ರಯೋಗಾಲಯದಲ್ಲೇ ಕೆಲಸ ಮುಂದುವರಿಸಿದರು. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಹಿತ್ತಾಳೆಯ ತಕ್ಕಡಿಯಿದ್ದ ಬೀರುವಿನ ಬೀಗ ಇನ್ಸ್‌ಪೆಕ್ಟರ್ ಬರುವ ದಿನ ಮಾತ್ರ ತೆರೆಯುತ್ತಿತ್ತು. ಹಾಗಾಗಿ ಇದನ್ನು ಓದಿದಾಗ ಸಂತೋಷವೂ ಸ್ವಲ್ಪ ಹೊಟ್ಟೆಕಿಚ್ಚೂ ಆದದ್ದುಂಟು. ಪ್ರಿಯೋರ್ ಅವರ ಯಂತ್ರದಲ್ಲಿ ವಾಹಕ ಅನಿಲ ಜಲಜನಕ. ಶೋಧಕವೆಂದರೆ ವಿದ್ಯುತ್ತಿನಿಂದ ಕಾದ ತಂತಿ. ಜಲಜನಕ ಶಾಖವನ್ನು ಚೆನ್ನಾಗಿ ಒಯ್ಯುವುದರಿಂದ ತಂತಿ ತಣ್ಣಗಿರುತ್ತದೆ. ಅದರೊಡನೆ ಬೇರೆ ಅನಿಲ ಬಂದ ಕ್ಷಣ ತಂತಿಯ ಬಿಸಿ ಏರಿ, ಅದರ ರೋಧ ಬದಲಾಗುತ್ತದೆ. ಆ ಬದಲಾವಣೆಯನ್ನು ಗುರುತಿಸುತ್ತ ಹೋದರೆ ಕಾಗದದ ಮೇಲೆ ಎರಡು ಅನಿಲಗಳಿಗೆ ಎರಡು ಗುಡ್ಡಗಳು ಮೂಡುತ್ತವೆ. 1947ರಲ್ಲಿ ಪ್ರಿಯೋರ್ ಅವರ ಪ್ರೌಢಪ್ರಬಂಧ ಮುಗಿಯಿತು. ವಿವರಗಳು ಪತ್ರಿಕೆಯಲ್ಲಿ ಬಂದದ್ದು 1951ರಲ್ಲಿ, ಜರ್ಮನ್ ಭಾಷೆಯಲ್ಲಿ.

ಹಾಗೆಂದು ಇಂಗ್ಲೆಂಡಿನವರು ಕದ್ದರೆಂದು ನಾನು ಹೇಳುತ್ತಿಲ್ಲ. ದ್ರವದ ಬದಲು ಆವಿಯನ್ನು ಹರಿಸಬಹುದೆಂದು ಮಾರ್ಟಿನ್ ಮತ್ತು ಸಿಂಜ್ 1941ರಲ್ಲೇ ಸೂಚಿಸಿದ್ದರು. ಹತ್ತು ವರ್ಷ ಅದನ್ನು ಯಾರೂ ಕೈಗೆತ್ತಿಕೊಳ್ಳದಿದ್ದಾಗ, ಮಾರ್ಟಿನ್ ತಾವೇ ಜೇಮ್ಸ್ ಜೊತೆಗೂಡಿ ಮಾಡಿ ತೋರಿಸಿದರು. ಅವರದು ಕೊಳವೆಯೊಳಗೆ ದ್ರವದ ಲೇಪವಿದ್ದ ವಿಧಾನ. ಕ್ರೇಮರ್ ಅವರದು ಘನವಸ್ತುವಿನ ಮೇಲ್ಮೈಯದು. ಕೊಬ್ಬಿನಾಮ್ಲಗಳಂತಹ ನಾನಾ ಪದಾರ್ಥಗಳಿಗೆ ದ್ರವದ ದಾರಿಯೇ ಹೆಚ್ಚು ಒಗ್ಗಿತು, ತೈಲೋದ್ಯಮ ಅದನ್ನು ಕೂಡಲೇ ಅಪ್ಪಿಕೊಂಡಿತು. 1952ರಲ್ಲೇ ಮಾರ್ಟಿನ್ ಮತ್ತು ಸಿಂಜ್ ಅವರಿಗೆ ನೊಬೆಲ್ ಬಂತು. ಅದು ಹಿಂದಿನ, ಅಂದರೆ ದ್ರವ ದ್ರವಗಳ ನಡುವಿನ ವಿಧಾನಕ್ಕೆ ಸಂದದ್ದು. ಜನ ಮಾತ್ರ ಎರಡನ್ನೂ ಒಂದೇ ಕಂತೆ ಕಟ್ಟಿದರು. ನಾನೂ ಕಟ್ಟಿದೆ. ಆದರೆ ಅನಿಲಗಳನ್ನು ಬೇರ್ಪಡಿಸಿ, ಅಳೆದು, ಗುಡ್ಡಗಳಾಗಿ ಬರೆಯುವ ಪೂರ್ಣ ಉಪಕರಣವೊಂದು ಅದಕ್ಕೆ ಐದು ವರ್ಷ ಮೊದಲೇ ಇನ್ಸ್‌ಬ್ರುಕ್‌ನಲ್ಲಿ ಕೆಲಸ ಮಾಡಿತ್ತೆಂಬುದನ್ನು ನಿಮಗೆ ಹೇಳದೆ ಬಿಟ್ಟದ್ದು ನನ್ನ ತಪ್ಪೇ.

ಕ್ರೇಮರ್ ಗಂಡಸರು ಹಿಂದಿರುಗಿದ ಮೇಲೂ ಜಾಗ ಬಿಡಲಿಲ್ಲ. ಅಲ್ಲಿಯೇ ಪ್ರಾಧ್ಯಾಪಕಿಯಾಗಿ, 1996ರಲ್ಲಿ ಅದೇ ಊರಿನಲ್ಲಿ ತೀರಿಕೊಂಡರು. ಪ್ರಿಯೋರ್ ಅವರ ಯಂತ್ರ ಜರ್ಮನಿಯ ಡಾಯ್ಚಸ್ ಮ್ಯೂಸಿಯಂ ಸೇರಿ, ಬಾನ್ ನಗರದ ಶಾಖೆಯಲ್ಲಿ ಪ್ರದರ್ಶನಗೊಂಡಿತ್ತು. ನಮ್ಮ ಹುಡುಗರು ಕೆಲವರು ಆ ದೇಶದಲ್ಲಿದ್ದೀರಿ. ಬಾನ್ ಕಡೆ ಹೋದಾಗ ವಿಚಾರಿಸಿ, ನೋಡಲು ಸಿಕ್ಕರೆ ನನಗೊಂದು ಚಿತ್ರ ಕಳುಹಿಸಿ.