ಹುಟ್ಟು ಬಿಟ್ಟು ಎಂಜಿನ್ ಹಿಡಿದ ದೋಣಿ

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಹಿಡಿಯುವ ಪೆಟ್ರೋಲ್, ಡೀಸೆಲ್ ಗಾಡಿಗಳು ವರ್ಷ ತುಂಬಿದ ಮೇಲೆ ಹೊಗೆ ತಪಾಸಣೆಯ ಚೀಟಿ ಇಟ್ಟುಕೊಂಡಿರಬೇಕು. ಅದೇ ಗಾಡಿಯಲ್ಲಿ ಬಂದವರು ಶ್ರೀರಂಗಪಟ್ಟಣದ ಹತ್ತಿರ ರಂಗನತಿಟ್ಟಿನಲ್ಲಿ ದೋಣಿ ಹತ್ತಿದರೆ, ಅಲ್ಲಿ ಅಳೆಯುವುದಕ್ಕೆ ಹೊಗೆಯೇ ಇರುವುದಿಲ್ಲ.

ಕಂಠೀರವ ನರಸರಾಜ ಒಡೆಯರ್ 17ನೇ ಶತಮಾನದಲ್ಲಿ ಕಾವೇರಿಗೆ ಕಟ್ಟಿಸಿದ ಕಟ್ಟೆಯಿಂದ ರೂಪುಗೊಂಡ ನಡುಗಡ್ಡೆಗಳಿವು. ಪಕ್ಷಿತಜ್ಞ ಸಲೀಂ ಅಲಿ ಒತ್ತಾಯಿಸಿದ್ದರಿಂದ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸರ್ ತಾಣಗಳ ಪಟ್ಟಿಗೂ ಸೇರಿತು. ಅಂಬಿಗ ಹುಟ್ಟು ಹಾಕುತ್ತಾ ಕೊಕ್ಕರೆ ಗೂಡುಗಳ ಬುಡಕ್ಕೇ ದೋಣಿ ತರುತ್ತಾನೆ. ಬಂಡೆಯ ಮೇಲಿನ ಮೊಸಳೆ ಬಾಯಿ ತೆರೆದುಕೊಂಡು ಬಿದ್ದಿರುತ್ತದೆ, ಕದಲುವುದಿಲ್ಲ. ನೀರಿನ ಸದ್ದು, ಹಕ್ಕಿಗಳ ಗದ್ದಲ ಬಿಟ್ಟರೆ ಬೇರೇನೂ ಕೇಳುವುದಿಲ್ಲ.

ಕರಾವಳಿಯ ಕಥೆ ಬೇರೆ.

ಅಲ್ಲಿಯ ದೋಣಿಗೆ ಎಂಜಿನ್ ಬಂದದ್ದು ಮೋಜಿಗಲ್ಲ, ಮೀನಿಗೆ. ಊರಿಗೆ ಊರೇ ನಿಂತು ರಂಪಣಿ ಬಲೆ ಎಳೆಯುತ್ತಿದ್ದ ದಡಗಳಿಗೆ 1970ರ ದಶಕದಲ್ಲಿ ಎಂಜಿನ್ನಿನಿಂದ ಓಡುವ ಪರ್ಸಿನ್ ಬೋಟುಗಳು ಬಂದವು. ಮುಂದೆ ನಾಡದೋಣಿಗಳೂ ಸೀಮೆಎಣ್ಣೆಯ ಔಟ್‌ಬೋರ್ಡ್ ಎಂಜಿನ್ ಕಟ್ಟಿಕೊಂಡವು. ಅಮೆರಿಕದ ಓಲೆ ಎವಿನ್‌ರೂಡ್ 1909ರಲ್ಲಿ ಮಾರಾಟಕ್ಕಿಟ್ಟ ಯಂತ್ರದ ವಂಶದ್ದೇ ಇದು. ಮೀನುಗಾರನಿಗೆ ಅದು ಹೊಟ್ಟೆಪಾಡು, ಅವನನ್ನು ದೂರುವಂತಿಲ್ಲ. ಪ್ರವಾಸಿಗರು ಬಂದದ್ದು ಆಮೇಲೆ. ಇಂದು ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪಕ್ಕೂ ಮುರುಡೇಶ್ವರದಿಂದ ನೇತ್ರಾಣಿಗೂ ವಿಹಾರದ ಬೋಟುಗಳು ಓಡುತ್ತವೆ.

ಲೂನಾ, ಹಳೇ ಬಜಾಜ್ ಸ್ಕೂಟರ್ ಓಡಿಸಿದವರಿಗೆ ಟೂ ಸ್ಟ್ರೋಕ್ ಎಂಜಿನ್ನಿನ ನೀಲಿ ಹೊಗೆ ನೆನಪಿರುತ್ತದೆ. ಆಯಿಲ್ ಬೆರೆಸಿದ ಪೆಟ್ರೋಲ್, ಉಸಿರಿಗೆ ಅಡರುವ ಘಾಟು. ಹಳೇ ಮಾದರಿಯ ಟೂ ಸ್ಟ್ರೋಕ್ ಔಟ್‌ಬೋರ್ಡಿನಲ್ಲಿ ಇಂಧನದ ಸುಮಾರು ಕಾಲು ಭಾಗ ಉರಿಯದೆಯೇ ಹೊರಬೀಳುತ್ತದೆ. ಹೊಗೆ ಕೊಳವೆಯ ಬಾಯಿ ನೀರೊಳಗೇ ಇರುವುದರಿಂದ ಸ್ವಲ್ಪ ಎಣ್ಣೆ ಬಣ್ಣಬಣ್ಣದ ಪದರವಾಗಿ ನೀರಿನ ಮೇಲೆ ತೇಲುತ್ತದೆ, ಉಳಿದದ್ದು ಗುಳ್ಳೆಯಾಗಿ ಎದ್ದು ಗಾಳಿ ಸೇರುತ್ತದೆ. ಅಮೆರಿಕ 1996ರಲ್ಲಿ ಇಂಥ ಎಂಜಿನ್‌ಗಳ ಹೊಗೆಗೆ ಮಿತಿ ಹಾಕಿತು. ಭಾರತದಲ್ಲಿ 1917ರ ಒಳನಾಡು ಹಡಗು ಕಾಯ್ದೆಯ ಜಾಗಕ್ಕೆ 2021ರಲ್ಲಿ ಬಂದ ಹೊಸ ಕಾಯ್ದೆ, ಮಾಲಿನ್ಯ ತಡೆಗೆಂದೇ ಒಂದು ಅಧ್ಯಾಯ ಇಟ್ಟುಕೊಂಡಿದೆ.

ಬೋಟಿನ ಹೊಗೆಯನ್ನು ಲೆಕ್ಕ ಹಾಕುವುದು ಹೇಗೆ? ಪ್ರತಿ ಬೋಟಿನ ಹಿಂದೆ ಯಂತ್ರ ಹಿಡಿದು ಓಡಬೇಕಿಲ್ಲ. ಎಷ್ಟು ಎಂಜಿನ್, ಎಷ್ಟು ಅಶ್ವಶಕ್ತಿ, ಎಷ್ಟು ಗಂಟೆ ಓಟ, ಅದರಲ್ಲಿ ಪೂರ್ತಿ ವೇಗ ಎಷ್ಟು ಹೊತ್ತು, ಬರಿದೇ ನಿಂತು ಗುರುಗುಟ್ಟಿದ್ದು ಎಷ್ಟು ಹೊತ್ತು ಎಂದು ತಿಳಿದರೆ, ಆಯಾ ಬಗೆಯ ಎಂಜಿನ್ ಉಗುಳುವ ಪ್ರಮಾಣದಿಂದ ಗುಣಿಸಿದರಾಯಿತು. ದಿನಕ್ಕೆ 20 ಲೀಟರ್ ಕುಡಿಯುವ ಹಳೇ ಟೂ ಸ್ಟ್ರೋಕ್ ಒಂದಿದೆ ಎಂದುಕೊಳ್ಳೋಣ. ಕಾಲು ಭಾಗದ ಲೆಕ್ಕದಲ್ಲಿ 5 ಲೀಟರ್ ಎಣ್ಣೆ ಸುಡದೆ ನೀರಿಗೂ ಗಾಳಿಗೂ ಹೋಯಿತು. ಮಳೆಗಾಲದಲ್ಲಿ ದ್ವೀಪದ ಓಡಾಟ ನಿಲ್ಲುವುದರಿಂದ ಹನ್ನೆರಡು ತಿಂಗಳಿಗೆ ಗುಣಿಸಿದರೂ ಲೆಕ್ಕ ತಪ್ಪುತ್ತದೆ.

ಈ ಲೆಕ್ಕಕ್ಕೆಲ್ಲ ಮೂಲ ಒಂದು ಸಣ್ಣ ಪುಸ್ತಕ. ಸಂಜೆ ಟಿಕೆಟ್ ಹಣ ಎಣಿಸುವಾಗಲೇ ಆ ದಿನ ಸುಟ್ಟ ಎಣ್ಣೆಯ ಲೀಟರನ್ನೂ ಅದರಲ್ಲಿ ಬರೆದಿಡುವುದನ್ನು ಕರಾವಳಿಯ ಮೂರೂ ಜಿಲ್ಲೆಗಳ ಆಡಳಿತ ಕಡ್ಡಾಯ ಮಾಡಲಿ.